ಗೆಳತಿಯರೊಡನೆ ಮೂರು ದಿನದ ಹೈದರಾಬಾದು

ನಮ್ಮ ಸ್ತ್ರೀಯರು ಊರು ಬಿಟ್ಟು ಪ್ರಯಾಣ ಹೊರಡುವುದು ಹೊಸ ಸಂಗತಿಯೇನೂ ಅಲ್ಲ. ಮದುವೆ ಮುಂಜಿಗಳಿಗೆ ಹೊರಟಿದ್ದಾರೆ. ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಕಾಶಿ ರಾಮೇಶ್ವರಗಳಿಗೂ ಹೊರಟಿದ್ದಾರೆ. ಆದರೆ ಆ ಪ್ರಯಾಣಗಳಿಗೆಲ್ಲ ಒಂದೊಂದು ಕಾರಣವಿರುತ್ತಿತ್ತು. ಆ ಕಾರಣ ಬಹುಮಟ್ಟಿಗೆ ಇನ್ನೊಬ್ಬರದಾಗಿರುತ್ತಿತ್ತು. ಅಂಥ ಕಾರಣ ಯಾವುದೂ ಇಲ್ಲದೆ, ಒಟ್ಟಿಗೆ ಓದಿದ ಅಥವಾ ಒಟ್ಟಿಗೆ ಕೆಲಸ ಮಾಡಿದ ನಾಲ್ಕಾರು ಗೆಳತಿಯರು, ಮೂರು ದಿನ ಒಂದು ಪಟ್ಟಣವನ್ನು ನೋಡಿಬರೋಣವೆಂದು ಹೊರಡುವುದು ಈಚಿನ ಪದ್ಧತಿ. ಒಳ್ಳೆಯ ಪದ್ಧತಿಯೆಂದೇ ನನ್ನ ಅಭಿಪ್ರಾಯ. ಆದರೆ ಹೀಗೆ ಹೊರಡೋಣವೆಂದು ಮಾತನಾಡಿಕೊಂಡ ಗುಂಪುಗಳಲ್ಲಿ ನಿಜವಾಗಿ ರೈಲು ಹತ್ತುವವು ಕೆಲವೇ. ಹತ್ತಿದವುಗಳಲ್ಲಿಯೂ, ಹೊರಟಾಗಿನ ಸ್ನೇಹವನ್ನು ಹಾಗೆಯೇ ಹಿಂದಕ್ಕೆ ತರುವವು ಇನ್ನೂ ಕೆಲವೇ. ಇದಕ್ಕೆ ಊರಿನ ದೋಷವಾಗಲಿ ರೈಲಿನ ದೋಷವಾಗಲಿ ಕಾರಣವಲ್ಲ. ಹೊರಡುವುದಕ್ಕೆ ಮುಂಚೆ ಆಡಬೇಕಾಗಿದ್ದ ಕೆಲವು ಮಾತುಗಳನ್ನು ಸಂಕೋಚದಿಂದ ಆಡದೆ ಬಿಡುವುದೇ ಕಾರಣ. ಆ ಮಾತುಗಳು ಯಾವುವು, ಅವನ್ನು ಆಡುವ ಬಗೆ ಹೇಗೆ ಎಂಬುದನ್ನು ಒಂದು ಉದಾಹರಣೆಯನ್ನಿಟ್ಟುಕೊಂಡು ವಿಚಾರಮಾಡೋಣ.

ಉದಾಹರಣೆಗೆ ಹೈದರಾಬಾದನ್ನು ತೆಗೆದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ಕಾಚಿಗುಡ ನಿಲ್ದಾಣ ಬರುತ್ತದೆ; ಹಗಲಿನ ಹೊತ್ತೊಂದೂ ವ್ಯರ್ಥವಾಗುವುದಿಲ್ಲ. ಹಗಲೇ ಪ್ರಯಾಣ ಬೇಕೆನ್ನುವವರಿಗೆ ೨೦೨೩ರ ಸೆಪ್ಟೆಂಬರಿನಿಂದ ಯಶವಂತಪುರ ಕಾಚಿಗುಡಗಳ ನಡುವೆ ವಂದೇ ಭಾರತ್ ರೈಲೂ ಓಡುತ್ತಿದೆ. ಊರು ನಮಗೆ ಪೂರ್ತಿ ಪರಕೀಯವೂ ಅಲ್ಲ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ೧೯೫೬ರ ನವೆಂಬರು ಒಂದರವರೆಗೆ ಅದೇ ರಾಜಧಾನಿ. ನಿಮ್ಮ ಗುಂಪಿನಲ್ಲಿ ಆ ಕಡೆಯ ಗೆಳತಿಯೊಬ್ಬಳಿದ್ದರೆ ಆಟೋದವನ ದಖನಿ ಮಾತಿಗೆ ಅವಳೇ ದುಭಾಷಿ. ಅಲ್ಲಿಯ ‘ಹೌ’ ಎಂಬುದಕ್ಕೂ ಅವಳ ಮನೆಯ ‘ಹೌದು’ ಎಂಬುದಕ್ಕೂ ಬಹಳ ಅಂತರವಿಲ್ಲ. ಇನ್ನೂ ಒಂದು ಅನುಕೂಲವುಂಟು. ಹೈದರಾಬಾದಿನಲ್ಲಿ ನೋಡತಕ್ಕ ದೊಡ್ಡ ವಸ್ತುಗಳನ್ನು ಸ್ವಲ್ಪ ಹಣದಲ್ಲಿ ನೋಡಬಹುದು. ಈ ಅನುಕೂಲ ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಹಣದ ಮಾತನ್ನೇ ಎತ್ತಿಕೊಳ್ಳುತ್ತೇನೆ. ಎಲ್ಲರೂ ಕೊನೆಗೆ ಎತ್ತಿಕೊಳ್ಳುವ ಮಾತು ಅದು. ಇಪ್ಪತ್ತು ವರ್ಷಗಳ ಹಿಂದೆ ಒಂದೇ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಿಂದ ತಿಂಡಿ ತಿಂದ ಐವರು ಗೆಳತಿಯರನ್ನು ಊಹಿಸಿಕೊಳ್ಳಿ. ಅಂದು ಐವರ ಕೈಯಲ್ಲಿಯೂ ಅಷ್ಟಕ್ಕಷ್ಟೆ ಕಾಸಿತ್ತು. ಇಂದು ಒಬ್ಬಾಕೆ ದೊಡ್ಡ ಸಂಸ್ಥೆಯಲ್ಲಿ ಅಧಿಕಾರಿ. ಒಬ್ಬಾಕೆಯ ಪತಿ ವೈದ್ಯರು. ಒಬ್ಬಾಕೆ ಖಾಸಗಿ ಶಾಲೆಯಲ್ಲಿ ಉಪಾಧ್ಯಾಯಿನಿ. ಒಬ್ಬಾಕೆ ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಸ್ನೇಹ ಮಾತ್ರ ಹಳೆಯದೇ. ಆದುದರಿಂದ ಈ ವ್ಯತ್ಯಾಸವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಧಿಕಾರಿಣಿ ಉತ್ಸಾಹದಿಂದ ಒಂದು ಹೋಟೆಲಿನ ಚಿತ್ರವನ್ನು ಎಲ್ಲರಿಗೂ ಕಳುಹಿಸುತ್ತಾಳೆ, ‘ಎಷ್ಟು ಚೆನ್ನಾಗಿದೆ!’ ಎಂದು ಮೂವರು ಒಪ್ಪುತ್ತಾರೆ, ನಾಲ್ಕನೆಯಾಕೆಯೂ ಒಪ್ಪುತ್ತಾಳೆ. ಹೊರಡುವುದಕ್ಕೆ ಹತ್ತು ದಿನವಿರುವಾಗ ಅವಳಿಂದ ಸುದ್ದಿ ಬರುತ್ತದೆ: ಅತ್ತೆಯವರಿಗೆ ಮೈ ಸರಿಯಿಲ್ಲ, ನೀವು ಹೋಗಿಬನ್ನಿ. ಅತ್ತೆಯವರು ಆರೋಗ್ಯವಾಗಿಯೇ ಇರುತ್ತಾರೆ. ಮುಂದಿನ ವರ್ಷ ಅವಳನ್ನು ಕರೆಯುವುದಕ್ಕೆ ಉಳಿದವರಿಗೆ ಸ್ವಲ್ಪ ಬೇಸರ. ಬರುತ್ತೇನೆನ್ನುವುದಕ್ಕೆ ಅವಳಿಗೆ ಬಹಳ ಭಯ. ಇಪ್ಪತ್ತು ವರ್ಷದ ಸ್ನೇಹವೊಂದು ಜಗಳವೇ ಇಲ್ಲದೆ ಸವೆಯುವುದು ಹೀಗೆ. ಇಂಥದನ್ನು ಒಂದಕ್ಕಿಂತ ಹೆಚ್ಚು ಸಲ ಹತ್ತಿರದಿಂದ ಕಂಡಿರುವುದರಿಂದಲೇ ಈ ವಿಷಯವನ್ನು ಮೊದಲು ಎತ್ತಿಕೊಂಡೆನು.

ಅವಳ ಖರ್ಚನ್ನು ನಾವೇ ಕೊಟ್ಟುಬಿಡೋಣವೆಂದು ಅನುಕೂಲಸ್ಥರು ಹೇಳುವುದುಂಟು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಉಪಾಯ ಒಳ್ಳೆಯದಲ್ಲ. ಇನ್ನೊಬ್ಬರ ಹಣದಿಂದ ಬಂದವಳು ಮೂರು ದಿನವೂ ಅತಿಥಿಯಾಗಿಯೇ ಇರಬೇಕಾಗುತ್ತದೆ. ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು ಎಂಬುದರಲ್ಲಿ ಅವಳ ಬಾಯಿ ಕಟ್ಟಿಹೋಗುತ್ತದೆ. ಗೆಳತಿಯಾಗಿ ಬಂದವಳು ಸಾಲಗಾರ್ತಿಯಾಗಿ ಹಿಂದಿರುಗುತ್ತಾಳೆ.

ಇದಕ್ಕಿಂತ ಸುಲಭವಾದ ದಾರಿಯುಂಟು. ಊರಿನ ಹೆಸರನ್ನಾಗಲಿ ಹೋಟೆಲಿನ ಹೆಸರನ್ನಾಗಲಿ ಎತ್ತುವುದಕ್ಕೆ ಮುಂಚೆ ಎಲ್ಲರೂ ಒಂದು ದಿನ ಕೂಡಿ, ರೈಲಿನಿಂದ ರೈಲಿನವರೆಗೆ ಒಟ್ಟಿಗೆ ಮಾಡುವ ಖರ್ಚಿಗೆ ತಾನು ಎಷ್ಟು ಕೊಡಬಲ್ಲೆನೆಂಬುದನ್ನು ಒಂದೊಂದು ಚೀಟಿಯಲ್ಲಿ ಬರೆದು, ಹೆಸರು ಹಾಕದೆ ಮಡಿಸಿ, ಒಂದು ಡಬ್ಬಿಯಲ್ಲಿ ಹಾಕಿಬಿಡಲಿ. ಅಂಕೆಯನ್ನು ಮಾತ್ರ ಬರೆದರೆ ಸಾಕು. ಅಕ್ಷರದ ಗುರುತು ಸಿಕ್ಕುವುದಿಲ್ಲ. ಚೀಟಿಗಳನ್ನು ಬಿಡಿಸಿದಾಗ ಒಂದರಲ್ಲಿ ಹದಿನೈದು ಸಾವಿರ, ಒಂದರಲ್ಲಿ ಹತ್ತು, ಒಂದರಲ್ಲಿ ಆರು ಇದ್ದರೆ, ಆರು ಸಾವಿರವೇ ಎಲ್ಲರ ಮೊತ್ತ. ಸರಾಸರಿ ತೆಗೆಯುವುದು ಅನ್ಯಾಯ. ಸರಾಸರಿಯಲ್ಲಿ ಕಡಮೆ ಬರೆದವಳು ಮತ್ತೆ ಸೋಲುತ್ತಾಳೆ. ಯಾರು ಬರೆದರೆಂದು ಕೇಳುವುದಂತೂ ಕೂಡದು. ಹೆಚ್ಚು ಬರೆದವರಿಗೆ ಇದರಿಂದ ನಷ್ಟವೇನು? ಉಳಿದ ಹಣದಲ್ಲಿ ಅವರು ಮುತ್ತಿನ ಸರವನ್ನು ಕೊಳ್ಳಬಹುದು. ಒಟ್ಟಿನ ಖರ್ಚಿಗೂ ಸ್ವಂತದ ಖರೀದಿಗೂ ಸಂಬಂಧವಿಲ್ಲ.

ಆರು ಸಾವಿರದಲ್ಲಿ ಹೈದರಾಬಾದು ಸಾಧ್ಯವೇ ಎಂದರೆ, ಸಾಧ್ಯ. ರೈಲಿನಲ್ಲಿ ಹವಾನಿಯಂತ್ರಣವಿಲ್ಲದ ಮಲಗುವ ದರ್ಜೆ, ಇಬ್ಬರಿಗೊಂದರಂತೆ ಶುಚಿಯಾದ ಸಾಧಾರಣ ಕೊಠಡಿ, ತಿರುಗಾಟಕ್ಕೆ ಆಟೋ ಮತ್ತು ಮೆಟ್ರೊ ಎಂದಿಟ್ಟುಕೊಂಡರೆ ಎರಡು ರಾತ್ರಿಯ ವಸತಿಗೂ ಮೂರು ದಿನದ ಊಟಕ್ಕೂ ಕೈ ಬಿಗಿಹಿಡಿಯಬೇಕಾಗಿಲ್ಲ. ಕೋಟೆ ಗೋರಿಗಳ ಪ್ರವೇಶದ ಹಣ ಸ್ವಲ್ಪವೇ. ಊರ ಹೊರಗಿನ ರಾಮೋಜಿ ಫಿಲ್ಮ್ ಸಿಟಿಯೊಂದನ್ನು ಬಿಡಬೇಕಾದೀತು. ಅದು ಒಂದು ಇಡೀ ಹಗಲನ್ನೂ ಚೀಲದ ದೊಡ್ಡ ಪಾಲನ್ನೂ ತೆಗೆದುಕೊಳ್ಳುತ್ತದೆ. ಮಕ್ಕಳೊಡನೆ ಹೋದಾಗ ನೋಡಿದರಾಯಿತು.

ಈ ಹಣವನ್ನೆಲ್ಲ ಹೊರಡುವುದಕ್ಕೆ ಮುಂಚೆಯೇ ಒಬ್ಬಾಕೆಯ ಕೈಗೆ ಕೊಟ್ಟು ಅವಳನ್ನು ಖಜಾಂಚಿಯನ್ನಾಗಿ ಮಾಡಬೇಕು. ಚಹಾಕ್ಕೆ ನಾನು, ಆಟೋಕ್ಕೆ ನೀನು ಎಂದು ಹಂಚಿಕೊಳ್ಳುತ್ತಾ ಹೋದರೆ ಸಂಜೆಗೆ ಲೆಕ್ಕ ಯಾರಿಗೂ ತಿಳಿಯುವುದಿಲ್ಲ. ಕೊಟ್ಟವಳು ಕೇಳಲಾರಳು, ಕೊಡಬೇಕಾದವಳು ಮರೆಯಲಾರಳು. ಆದರೆ ಖಜಾಂಚಿಯೇ ರೈಲಿನ ಟಿಕೆಟ್ಟನ್ನು ಕೊಂಡು, ಕೊಠಡಿಯನ್ನು ಗೊತ್ತುಮಾಡಿ, ಬೆಳಗ್ಗೆ ಎಲ್ಲರನ್ನೂ ಎಬ್ಬಿಸುವಂತೆ ಮಾಡಕೂಡದು. ಮನೆಯಲ್ಲಿ ವರ್ಷವೆಲ್ಲ ಎಲ್ಲರ ಯೋಗಕ್ಷೇಮವನ್ನು ನೋಡಿಕೊಳ್ಳುವವಳು ಇಲ್ಲಿಯೂ ಅದನ್ನೇ ಮಾಡಬೇಕಾದರೆ ಊರು ಬಿಟ್ಟು ಬಂದುದೇಕೆ? ಪ್ರತಿ ಗುಂಪಿನಲ್ಲಿಯೂ ಹೀಗೆ ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವವಳು ಒಬ್ಬಳಿರುತ್ತಾಳೆ. ಅವಳ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವುದೂ ಸ್ನೇಹದ ಒಂದು ಕರ್ತವ್ಯವೇ. ಟಿಕೆಟ್ಟು ಒಬ್ಬರದು, ವಸತಿ ಒಬ್ಬರದು, ದಿನಕ್ಕೊಬ್ಬರು ದಾರಿ ತೋರಿಸುವವರು. ಅಂದಂದಿನ ಯಜಮಾನಿಯ ಮಾತನ್ನು ಉಳಿದವರು ಕೇಳಬೇಕು. ಗೊಣಗುವ ಹಕ್ಕು ಮಾತ್ರ ಎಲ್ಲರಿಗೂ ಉಂಟು.

ಎಷ್ಟು ಜನವೆಂಬುದು ಕೂಡ ಮುಂಚೆಯೇ ನಿಶ್ಚಯವಾಗಬೇಕು. ನಾಲ್ವರಾದರೆ ಒಂದು ಟ್ಯಾಕ್ಸಿ, ಎರಡು ಕೊಠಡಿ. ಆರು ಜನವಾದರೆ ಎರಡು ಆಟೋ, ಮೂರು ಕೊಠಡಿ. ರೈಲಿನ ಒಂದು ಟಿಕೆಟ್ಟಿನಲ್ಲಿ ಆರು ಹೆಸರುಗಳನ್ನು ಬರೆಯಬಹುದಾದ್ದರಿಂದ ಎಲ್ಲರಿಗೂ ಒಟ್ಟಿಗೆ ಸ್ಥಳ ಸಿಕ್ಕುವ ಸಂಭವವೂ ಹೆಚ್ಚು. ಐದು ಮತ್ತು ಏಳು ತೊಂದರೆಯ ಸಂಖ್ಯೆಗಳು. ಆಟೋದಲ್ಲಿ ಮೂವರು ಕುಳಿತು ಹೊರಟಮೇಲೆ ಉಳಿದವರು ರಸ್ತೆಯ ಬದಿಯಲ್ಲಿ; ಕೊಠಡಿಯಲ್ಲಿಯೂ ಒಬ್ಬಾಕೆ ಯಾವಾಗಲೂ ಹೆಚ್ಚಿನವಳು. ಎಂಟಕ್ಕೆ ಮೀರಿದರೆ ಅದು ಗೆಳತಿಯರ ಗುಂಪಲ್ಲ, ದಿಬ್ಬಣ.

ದಿನವನ್ನು ಆರಿಸುವಾಗ ಹವೆಯನ್ನೂ ಮನೆಯನ್ನೂ ಒಟ್ಟಿಗೆ ನೋಡಬೇಕು. ಹೈದರಾಬಾದಿನ ಏಪ್ರಿಲು ಮೇ ತಿಂಗಳ ಬಿಸಿಲು ಬೆಂಗಳೂರು ಮೈಸೂರಿನವರಿಗೆ ತಡೆಯತಕ್ಕದ್ದಲ್ಲ; ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾಗಿರುತ್ತದೆ. ನವರಾತ್ರಿಯ ಕಾಲದಲ್ಲಿ ಹೋದರೆ, ಹೆಂಗಸರು ಹೂವನ್ನು ಗೋಪುರದಂತೆ ಜೋಡಿಸಿ ಸುತ್ತಲೂ ಹಾಡುತ್ತಾ ಆಡುವ ಬತುಕಮ್ಮ ಹಬ್ಬವನ್ನು ನೋಡಬಹುದು; ಆದರೆ ನಮ್ಮ ಮನೆಯ ಬೊಂಬೆಗಳನ್ನು ಯಾರು ಕೂರಿಸುವುದೆಂಬ ಪ್ರಶ್ನೆ ಬರುತ್ತದೆ. ಜನವರಿಯಲ್ಲಿ ನಾಂಪಲ್ಲಿಯ ಬಯಲಿನಲ್ಲಿ ‘ನುಮಾಯಿಷ್’ ಎಂಬ ದೊಡ್ಡ ವಸ್ತುಪ್ರದರ್ಶನ ಆರಂಭವಾಗುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ೧೯೩೮ರಲ್ಲಿ ಆರಂಭಿಸಿದ ಪ್ರದರ್ಶನವಿದು. ಅದರಲ್ಲಿ ಒಂದು ದಿನವನ್ನು ಸ್ತ್ರೀಯರಿಗೇ ಮೀಸಲಿಡುವ ರೂಢಿಯುಂಟು. ಹಗಲೆಲ್ಲ ನಡೆದು ಬಂದವರು ಸಂಜೆ ಅಲ್ಲಿಗೆ ಹೋಗಿ ಮಿರ್ಚಿ ಬಜ್ಜಿ ತಿಂದು ಬರಬಹುದು.

ಮನೆಯ ಕಡೆಯ ಪಂಚಾಂಗವೇ ಹೆಚ್ಚು ತೊಡಕಿನದು. ಒಬ್ಬರ ಮಗನ ಪರೀಕ್ಷೆ, ಒಬ್ಬರ ಕಚೇರಿಯ ಲೆಕ್ಕಪರಿಶೋಧನೆ, ಒಬ್ಬರ ತಂದೆಯವರ ಕಣ್ಣಿನ ಶಸ್ತ್ರಚಿಕಿತ್ಸೆ. ಎಲ್ಲರಿಗೂ ಅನುಕೂಲವಾದ ದಿನವೆಂಬುದು ವರ್ಷದಲ್ಲಿ ಯಾವುದೂ ಇಲ್ಲ. ಯಾರಿಗೂ ಅಸಾಧ್ಯವಲ್ಲದ ದಿನ ಒಂದೆರಡು ಇರುತ್ತವೆ. ಅದನ್ನು ಹಿಡಿದು ಮನೆಯವರಿಗೆ ಎರಡು ತಿಂಗಳು ಮುಂಚೆಯೇ ತಿಳಿಸಿಬಿಡಬೇಕು. ಹೇಳಿದಮೇಲೆ, ನಾಲ್ಕು ದಿನಕ್ಕಾಗುವಷ್ಟು ಹುಳಿ ಪಲ್ಯಗಳನ್ನು ಮಾಡಿ, ಡಬ್ಬಿಗಳ ಮೇಲೆ ಸೋಮವಾರ ಮಂಗಳವಾರವೆಂದು ಬರೆದಿಟ್ಟು, ಸುಸ್ತಾಗಿ ರೈಲು ಹತ್ತುವ ಪದ್ಧತಿಯನ್ನು ದಯವಿಟ್ಟು ಬಿಡಿ. ಅನ್ನ ಮಾಡಿಕೊಳ್ಳಲು ಬಾರದ ಗಂಡಸರು ಈಗ ಅಷ್ಟೊಂದು ಇಲ್ಲ. ಇದ್ದರೆ ಕಲಿಯುವುದಕ್ಕೆ ಮೂರು ದಿನ ಸಾಕು.

ರೈಲಿನ ವಿಷಯದಲ್ಲಿ ನಾಲ್ಕು ಮಾತು. ೨೦೨೪ರ ನವೆಂಬರಿನಲ್ಲಿ ನಿಯಮ ಬದಲಾಯಿಸಿ, ಮುಂಗಡ ಕಾದಿರಿಸುವ ಅವಧಿಯನ್ನು ೧೨೦ ದಿನಗಳಿಂದ ೬೦ ದಿನಗಳಿಗೆ ಇಳಿಸಿದರು. ಆದುದರಿಂದ ಅರುವತ್ತನೆಯ ದಿನದ ಬೆಳಗ್ಗೆಯೇ ಕೆಲಸವಾಗಬೇಕು. ಹೋಗುವುದಕ್ಕೂ ಬರುವುದಕ್ಕೂ ದಿನಗಳು ಬೇರೆಯಾದ್ದರಿಂದ ಎರಡು ಬೆಳಗ್ಗೆ. ದೂರಪ್ರಯಾಣದ ಮೆಯಿಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಮಲಗುವ ದರ್ಜೆಯಲ್ಲಿ, ಒಂಟಿಯಾಗಿ ಅಥವಾ ಸ್ತ್ರೀಯರೇ ಗುಂಪಾಗಿ ಹೋಗುವಾಗ, ವಯಸ್ಸಿನ ಭೇದವಿಲ್ಲದೆ ಆರು ಮಂಚಗಳು ಹೆಂಗಸರಿಗೆಂದು ಮೀಸಲಾಗಿವೆ. ಇದು ಅನೇಕರಿಗೆ ತಿಳಿಯದು. ನಲವತ್ತೈದು ತುಂಬಿದ ಸ್ತ್ರೀಯರಿಗೆ ಕೆಳಗಿನ ಮಂಚದ ಮೀಸಲಾತಿಯೂ ಬೇರೆ ಉಂಟು. ವಯಸ್ಸನ್ನು ಹೇಳಿಕೊಳ್ಳುವುದರಿಂದ ಲಾಭವಾಗುವ ಸಂದರ್ಭಗಳು ಕಡಮೆ, ಇದೊಂದನ್ನು ಬಿಡಬಾರದು.

ವಸತಿಯನ್ನು ಆರಿಸುವಾಗ ಚಿತ್ರವನ್ನು ನೋಡುವುದಕ್ಕಿಂತ ನಕ್ಷೆಯನ್ನು ನೋಡುವುದು ಮೇಲು. ಊರಿನ ಪಶ್ಚಿಮಕ್ಕೆ ಹೈಟೆಕ್ ಸಿಟಿಯ ಕಡೆ ಹೊಳೆಯುವ ಹೋಟೆಲುಗಳಿವೆ. ಆದರೆ ನಾವು ನೋಡಬೇಕೆಂದು ಬಂದ ಹಳೆಯ ಊರು ಅಲ್ಲಿಂದ ದೂರ. ಹೋಗಿ ಬರುವ ದಾರಿಯಲ್ಲಿಯೇ ದಿನಕ್ಕೆರಡು ಗಂಟೆ ಕಳೆದುಹೋಗುತ್ತದೆ. ಅಬೀಡ್ಸ್, ಕೋಠಿ, ಕಾಚಿಗುಡಗಳ ಕಡೆ ಇಳಿದುಕೊಂಡರೆ ಎಲ್ಲವೂ ಹತ್ತಿರ. ರೈಲು ಮುಟ್ಟುವುದು ನಸುಕಿನಲ್ಲಿ. ಕೊಠಡಿಗಳನ್ನು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಕೊಠಡಿಯನ್ನಾದರೂ ಬೆಳಗ್ಗೆಯೇ ಕೊಡುವಿರಾ ಎಂದು ಮುಂಚೆಯೇ ಕೇಳಿ ಬರೆಸಿಕೊಂಡಿರಬೇಕು. ಸ್ನಾನವಿಲ್ಲದ ಆರು ಜನ ಹೆಂಗಸರನ್ನು ಒಂದು ಜಗಲಿಯ ಮೇಲೆ ಆರು ಗಂಟೆ ಕೂರಿಸಿದರೆ ಎಂಥ ಸ್ನೇಹವೂ ಪರೀಕ್ಷೆಗೊಳಗಾಗುತ್ತದೆ.

ಯಾವ ವಾರ ಹೊರಡಬೇಕು? ಶುಕ್ರವಾರ ಸಂಜೆ ಹೊರಟು ಮಂಗಳವಾರ ಬೆಳಗ್ಗೆ ಹಿಂದಿರುಗುವುದು ಅನುಕೂಲ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೂ ಚೌಮಹಲ್ಲಾ ಅರಮನೆಗೂ ಶುಕ್ರವಾರ ರಜಾ. ಇದನ್ನು ವಿಚಾರಿಸದೆ ಗುರುವಾರ ರಾತ್ರಿ ಹೊರಟವರು ಮೊದಲನೆಯ ದಿನವೇ ಮುಚ್ಚಿದ ಬಾಗಿಲುಗಳನ್ನು ನೋಡಿಕೊಂಡು ಬರಬೇಕಾಗುತ್ತದೆ.

ಶನಿವಾರ, ರೈಲಿನ ಆಯಾಸವಿರುವ ದಿನ, ಸಂಗ್ರಹಾಲಯಕ್ಕೆ ಸರಿ. ಒಳಗೆ ನೆರಳಿದೆ, ಕುಳಿತುಕೊಳ್ಳುವುದಕ್ಕೆ ಸ್ಥಳವಿದೆ. ಮೆಟ್ರೊದಲ್ಲಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿಳಿದು ಆಟೋ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ. ನಿಜಾಮರಲ್ಲಿ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ೧೯೪೯ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಸಂಗ್ರಹವನ್ನು ೧೯೫೧ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಅವರು ಸಾರ್ವಜನಿಕರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಅದು ಬಂದುದು ೧೯೬೮ರಲ್ಲಿ. ಎಲ್ಲವನ್ನೂ ನೋಡುತ್ತೇನೆಂದು ಹಟ ಹಿಡಿದವರಿಗೆ ಯಾವುದೂ ನೆನಪಿರುವುದಿಲ್ಲ. ಇಟಲಿಯ ಶಿಲ್ಪಿ ಬೆನ್‌ಜೋನಿ ಕಡೆದ ಮುಸುಕಿನ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯ ಮುಂದೆ ನಿಂತು, ಕಲ್ಲಿನಲ್ಲಿ ಬಟ್ಟೆಯ ತೆಳುವನ್ನು ತಂದುದು ಹೇಗೆಂದು ಯೋಚಿಸಿ. ಗಂಟೆಗೆ ಸರಿಯಾಗಿ ಗಡಿಯಾರದ ಅಂಗಳಕ್ಕೆ ಬನ್ನಿ. ಆ ಗಡಿಯಾರದೊಳಗಿಂದ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಜಾಗಟೆ ಹೊಡೆದು ಒಳಗೆ ಹೋಗುತ್ತದೆ. ಅದನ್ನು ನೋಡುವುದಕ್ಕೆ ನೂರಾರು ಜನ ಸಾಲಾಗಿ ಕುಳಿತು ಕಾಯುತ್ತಾರೆ. ಹನ್ನೆರಡು ಹೊಡೆಯುವಾಗ ಹೋದರೆ ಕಾದದ್ದಕ್ಕೆ ಪೂರ್ತಿ ಪ್ರತಿಫಲ.

ಸಂಗ್ರಹಾಲಯದ ಪಕ್ಕದಲ್ಲಿ ಮೂಸಿ ಹರಿಯುತ್ತದೆ. ೧೯೦೮ರ ಸೆಪ್ಟೆಂಬರಿನಲ್ಲಿ ಈ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಅನಂತರ ನಿಜಾಮರ ಸರ್ಕಾರ ಕರೆಸಿಕೊಂಡ ಇಂಜಿನಿಯರು ನಮ್ಮ ವಿಶ್ವೇಶ್ವರಯ್ಯನವರೇ. ಪ್ರವಾಹವನ್ನು ಮೇಲೆಯೇ ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂದು ಅವರು ಸೂಚಿಸಿದರು. ಅದರಂತೆ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ಮೂಸಿಯ ಈಗಿನ ನೀರನ್ನು ನೋಡಿದರೆ ಮನಸ್ಸಿಗೆ ಸಂತೋಷವಾಗುವುದಿಲ್ಲ. ಆದರೂ ಸೇತುವೆಯ ಮೇಲೆ ಒಂದು ನಿಮಿಷ ನಿಲ್ಲಬಹುದು. ಸಂಜೆ ಹುಸೇನ್ ಸಾಗರದ ದಂಡೆಯ ಗಾಳಿ ಸಾಕು. ಅಂದು ಬೇಗನೆ ಮಲಗಬೇಕು.

ಏಕೆಂದರೆ ಮರುದಿನ ಗೋಲ್ಕೊಂಡ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಬಿಸಿಲು ಏರಿದಮೇಲೆ ಬಂಡೆ ಕಾಯುತ್ತದೆ. ಹೆಬ್ಬಾಗಿಲ ಗುಮ್ಮಟದ ಕೆಳಗೆ ಗೊತ್ತಾದ ಸ್ಥಳದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ. ಶತ್ರು ಬಂದ ಸುದ್ದಿಯನ್ನು ಮುಟ್ಟಿಸಲು ಮಾಡಿದ ಏರ್ಪಾಡು ಇದೆಂದು ಹೇಳುತ್ತಾರೆ. ತುದಿಗೆ ಮುನ್ನೂರೈವತ್ತಕ್ಕೂ ಮಿಕ್ಕ ಮೆಟ್ಟಿಲುಗಳು. ಇಲ್ಲಿ ಎರಡನೆಯ ಮೌನ ಬರುತ್ತದೆ, ಮಂಡಿನೋವಿನ ಮೌನ. ಹಣವಿಲ್ಲವೆನ್ನುವುದಕ್ಕಿಂತ ಮಂಡಿ ನೋಯುತ್ತದೆ ಎನ್ನುವುದು ಕೆಲವರಿಗೆ ಕಷ್ಟ. ಆದುದರಿಂದ ಹತ್ತುವವರಷ್ಟು ಜನ ಹತ್ತಲಿ, ಕುಳಿತಿರುವವರು ಕೆಳಗಿನ ಕಮಾನುಗಳ ನೆರಳಿನಲ್ಲಿ ಕುಳಿತಿರಲಿ ಎಂಬುದನ್ನು ಹಿಂದಿನ ರಾತ್ರಿಯೇ, ಯಾರನ್ನೂ ಹೆಸರಿಸದೆ, ಕ್ರಮವೆಂಬಂತೆ ಹೇಳಿಬಿಡಬೇಕು. ಕೆಳಗಿರುವವರಿಗೂ ಕೆಲಸವುಂಟು: ಚಪ್ಪಾಳೆ ತಟ್ಟುವುದು. ಮೇಲಿನವರು ಕೇಳಿಸಿತೆಂದು ದೂರವಾಣಿಯಲ್ಲಿ ತಿಳಿಸಿದರಾಯಿತು.

ಕೋಟೆಯಿಂದ ಒಂದೆರಡು ಕಿಲೋಮೀಟರಿನಲ್ಲಿ ಕುತುಬ್ ಶಾಹಿ ಅರಸರ ಗೋರಿಗಳ ತೋಟ. ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟು ೨೦೧೩ರಿಂದ ಸುಮಾರು ಹತ್ತು ವರ್ಷ ಕೆಲಸ ಮಾಡಿ ಇದನ್ನು ಜೀರ್ಣೋದ್ಧಾರ ಮಾಡಿದೆ. ಅರಸರ ಗುಮ್ಮಟಗಳ ನಡುವೆ ಅವುಗಳಿಗೆ ಸರಿಸಮನಾಗಿ ನಿಂತಿರುವ ಒಂದು ಗುಮ್ಮಟ ಹೆಂಗಸಿನದು. ಹೈದರಾಬಾದನ್ನು ಕಟ್ಟಿದ ಮಹಮ್ಮದ್ ಕುಲಿಯ ಮಗಳು, ಮುಂದಿನ ಸುಲ್ತಾನನ ಪತ್ನಿ, ಅವನ ಮುಂದಿನ ಅಬ್ದುಲ್ಲನ ತಾಯಿ, ಹಯಾತ್ ಬಕ್ಷಿ ಬೇಗಂ; ೧೬೬೭ರಲ್ಲಿ ತೀರಿಕೊಂಡಳು. ಮಗ ಚಿಕ್ಕವನಾಗಿದ್ದಾಗ ರಾಜ್ಯದ ಆಡಳಿತ ಅವಳ ಕೈಯಲ್ಲಿತ್ತು. ಜನ ಅವಳನ್ನು ‘ಮಾ ಸಾಹೇಬಾ’ ಎಂದು ಕರೆದರು. ಮೂರು ತಲೆಮಾರಿನ ಅರಸರ ಸಂಸಾರವನ್ನೂ ರಾಜ್ಯವನ್ನೂ ತೂಗಿಸಿದವಳ ಸಮಾಧಿಯ ಬಳಿ ಹತ್ತು ನಿಮಿಷ ಹೆಚ್ಚಾಗಿ ಕುಳಿತರೆ ತಪ್ಪಿಲ್ಲ.

ಭಾನುವಾರ ಮಧ್ಯಾಹ್ನವನ್ನು ಖಾಲಿ ಬಿಡಬೇಕು. ಆ ಮಧ್ಯಾಹ್ನ ಯಾರೂ ಯಾರಿಗೂ ಜವಾಬ್ದಾರರಲ್ಲ. ನಿದ್ರಿಸುವವರು ನಿದ್ರಿಸಲಿ, ಓದುವವರು ಓದಲಿ. ಕನ್ನಡಿಗರ ಗುಂಪು ಹೈದರಾಬಾದಿಗೆ ಹೋದಮೇಲೆ ಒಬ್ಬರ ಚಿಕ್ಕಮ್ಮನಾದರೂ ಅಲ್ಲಿರಲೇಬೇಕು. ಬಂದವರೆಲ್ಲರೂ ಊಟಕ್ಕೆ ಬರಬೇಕೆಂದು ಆಕೆ ಬಲವಂತ ಮಾಡುವುದೂ ಸಹಜ. ಎಲ್ಲರೂ ಹೋದರೆ ಅರ್ಧ ದಿನ ಹೋಯಿತು, ಆ ಹಿರಿಯಾಕೆಗೂ ಆರು ಜನರ ಅಡಿಗೆಯ ಶ್ರಮ. ಸಂಬಂಧದವಳು ಒಬ್ಬಳೇ ಆ ಮಧ್ಯಾಹ್ನ ಹೋಗಿ ನಮಸ್ಕಾರ ಮಾಡಿಬರಲಿ. ಮೂರು ದಿನವೂ ಎಲ್ಲರೂ ಒಂದೇ ಕಡೆ ಅಂಟಿಕೊಂಡಿರಬೇಕೆಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು; ಅನೇಕ ಗುಂಪುಗಳು ಎರಡನೆಯ ದಿನದ ಸಂಜೆಗೆ ಮುಖ ಸಿಂಡರಿಸಿಕೊಳ್ಳುವುದಕ್ಕೆ ಅದೇ ಮೂಲ.

ಸೋಮವಾರ ಬೆಳಗ್ಗೆ, ಇತಿಹಾಸದಲ್ಲಿ ಆಸಕ್ತಿಯುಳ್ಳ ಇಬ್ಬರು ಮೂವರು ಕೋಠಿಯಲ್ಲಿರುವ ಹಳೆಯ ರೆಸಿಡೆನ್ಸಿಯನ್ನು ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಭವನವದು. ಹೈದರಾಬಾದಿನ ಶ್ರೀಮಂತ ಮನೆತನದ ಖೈರುನ್ನಿಸಾಳನ್ನು ಆತ ಮದುವೆಯಾದ ಕಥೆಯನ್ನು ಡಾಲ್ರಿಂಪಲ್ ೨೦೦೨ರಲ್ಲಿ ‘ವೈಟ್ ಮುಘಲ್ಸ್’ ಎಂಬ ಗ್ರಂಥವಾಗಿ ಬರೆದಿದ್ದಾರೆ. ಭವನ ಬಹುಕಾಲ ಸ್ತ್ರೀಯರ ಕಾಲೇಜಿಗೆ ಸೇರಿದ್ದು, ಆ ಕಾಲೇಜು ೨೦೨೨ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಯಿತು. ಆದುದರಿಂದ ಅಲ್ಲಿಯ ಅಪ್ಪಣೆಯನ್ನು ಮುಂಚೆಯೇ ಕೇಳಿಕೊಂಡಿರಬೇಕು. ಉಳಿದವರು ನೇರವಾಗಿ ಚೌಮಹಲ್ಲಾ ಅರಮನೆಗೆ ಹೋಗಿ ಖಿಲ್ವತ್ ಮಹಲಿನ ದೀಪಗುಚ್ಛಗಳನ್ನು ನೋಡಲಿ. ಎಲ್ಲರೂ ಮಧ್ಯಾಹ್ನ ಚಾರ್‌ಮಿನಾರಿನ ಕೆಳಗೆ ಕೂಡಿದರೆ ಸರಿ. ೧೫೯೧ರಲ್ಲಿ ಕಟ್ಟಿದ ಈ ಕಟ್ಟಡಕ್ಕಿಂತ ಒಳ್ಳೆಯ ಗುರುತಿನ ಕಂಬ ಆ ಊರಿನಲ್ಲಿಲ್ಲ.

ಊಟದ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಒಬ್ಬಾಕೆಗೆ ಬಿರಿಯಾನಿ ತಿನ್ನದೆ ಹಿಂದಿರುಗಿದರೆ ಬಂದ ಸಾರ್ಥಕವಿಲ್ಲ. ಪಕ್ಕದಾಕೆಗೆ ಈರುಳ್ಳಿಯೂ ಆಗದು. ಎಲ್ಲರೂ ಒಂದೇ ಮೇಜಿಗೆ ಕೂರಬೇಕೆಂಬ ಹಟ ಬೇಡ. ಮಧ್ಯಾಹ್ನದ ಊಟಕ್ಕೆ ಎರಡು ಗುಂಪಾಗಿ ಅವರವರಿಗೆ ಒಗ್ಗುವ ಕಡೆ ಹೋಗಿ, ಅನಂತರ ಇರಾನಿ ಚಹಾದ ಅಂಗಡಿಯಲ್ಲಿ ಸೇರಬಹುದು. ಕುದಿದು ಗಟ್ಟಿಯಾದ ಹಾಲಿನ ಆ ಚಹಾ, ಸ್ವಲ್ಪ ಉಪ್ಪು ಸ್ವಲ್ಪ ಸಿಹಿಯ ಉಸ್ಮಾನಿಯಾ ಬಿಸ್ಕತ್ತು. ಇಲ್ಲಿ ಜಗಳಕ್ಕೆ ಅವಕಾಶವಿಲ್ಲ.

ಚಾರ್‌ಮಿನಾರಿನ ಪಶ್ಚಿಮದ ಬೀದಿಯೇ ಲಾಡ್ ಬಜಾರು. ಲಾಡ್ ಎಂದರೆ ಅರಗು. ಖರೀದಿಯನ್ನು ಕೊನೆಯ ದಿನಕ್ಕಿಟ್ಟುದು ಹೊರೆಯನ್ನು ಹೊತ್ತು ತಿರುಗಬಾರದೆಂದು. ಇಲ್ಲಿಯ ಅರಗಿನ ಬಳೆಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಉದ್ದಕ್ಕೆ ಎಳೆದು, ಬಾಗಿಸಿ ಬಳೆಯ ಆಕಾರಕ್ಕೆ ತಂದು, ಬಿಸಿ ಆರುವುದರೊಳಗೆ ಗಾಜಿನ ಹರಳುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಕೈಗೆ ಬಿಗಿಯಾದರೆ ಅಂಗಡಿಯವನೇ ಮತ್ತೆ ಕಾಯಿಸಿ ಹಿಗ್ಗಿಸಿಕೊಡುತ್ತಾನೆ. ಹರಳು ಕೂರಿಸುವ ಕೆಲಸದಲ್ಲಿ ಬಹುಭಾಗ ಹಳೆಯ ಊರಿನ ಹೆಂಗಸರ ಮನೆಗಳಲ್ಲಿ ನಡೆಯುತ್ತದೆ. ಎಣಿಕೆಯ ಲೆಕ್ಕದಲ್ಲಿ ಅವರಿಗೆ ದೊರೆಯುವ ಕೂಲಿ ಸ್ವಲ್ಪವೇ. ಚೌಕಾಸಿ ಮಾಡುವುದು ಪೇಟೆಯ ಧರ್ಮ, ಮಾಡಬೇಡಿರೆಂದು ಹೇಳುವುದಿಲ್ಲ. ಕೊನೆಯ ಹತ್ತು ರೂಪಾಯಿಗಾಗಿ ಅರ್ಧ ಗಂಟೆ ನಿಲ್ಲಬೇಡಿ. ಮುತ್ತಿನ ಅಂಗಡಿಗಳು ಪತ್ಥರ್‌ಗಟ್ಟಿಯಲ್ಲಿವೆ. ಅಲ್ಲಿಗೆ ಕೊಳ್ಳುವವರು ಮಾತ್ರ ಹೋಗಲಿ. ಕೊಳ್ಳದವಳನ್ನು ಜೊತೆಯಲ್ಲಿ ಕೂರಿಸಿಕೊಂಡು ‘ನೀನೂ ಒಂದು ತೆಗೆದುಕೊಳ್ಳೆ’ ಎನ್ನುವುದು, ಚೀಟಿಯ ಡಬ್ಬಿಯಿಂದ ಉಳಿಸಿದ ಮರ್ಯಾದೆಯನ್ನು ಅಂಗಡಿಯ ಮೆಟ್ಟಿಲ ಮೇಲೆ ಚೆಲ್ಲಿದಂತೆ.

ಹೆಂಗಸರೇ ಹೋದರೆ ಕ್ಷೇಮವೇ ಎಂದು ಮನೆಯವರು ಕೇಳುತ್ತಾರೆ. ಆ ಊರಿನ ಪೋಲೀಸರು ೨೦೧೪ರ ಅಕ್ಟೋಬರಿನಲ್ಲಿ ಸ್ತ್ರೀಯರ ರಕ್ಷಣೆಗಾಗಿಯೇ ‘ಷೀ ಟೀಮ್ಸ್’ ಎಂಬ ದಳಗಳನ್ನು ಆರಂಭಿಸಿದರು. ತುರ್ತಿಗೆ ದೇಶದ ಎಲ್ಲ ಕಡೆಯೂ ೧೧೨ ಸಂಖ್ಯೆಯುಂಟು. ಬೇರೆಬೇರೆಯಾಗಿ ಹೋದಾಗ ಎಲ್ಲಿ, ಎಷ್ಟು ಹೊತ್ತಿಗೆ ಕೂಡುವುದೆಂದು ನಿಶ್ಚಯಿಸಿಕೊಂಡಿದ್ದರೆ, ವಸತಿಗೃಹದ ವಿಳಾಸವನ್ನು ಒಬ್ಬೊಬ್ಬರೂ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರೆ ಸಾಕು. ಮನೆಗೆ ದಿನಕ್ಕೊಂದು ಸಲ, ಗೊತ್ತಾದ ಹೊತ್ತಿನಲ್ಲಿ ಮಾತನಾಡಿ. ಗಂಟೆಗೊಂದು ಸಲ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳುವವರಿಗೆ ಉತ್ತರ ಕೊಡಬೇಕಾಗಿಲ್ಲ.

ನಾಲ್ಕು ಗಂಟೆಗೆ ಹಳೆಯ ಊರನ್ನು ಬಿಡಬೇಕು; ಅಲ್ಲಿಯ ಸಂಜೆಯ ಜನಸಂದಣಿಯಲ್ಲಿ ಆಟೋ ತೆವಳುತ್ತದೆ. ರೈಲು ಹೊರಟು, ಮಂಚಗಳನ್ನು ಬಿಡಿಸುವುದಕ್ಕೆ ಮುಂಚೆ, ಖಜಾಂಚಿ ಲೆಕ್ಕವನ್ನು ಓದಿಬಿಡಲಿ. ಮನೆಗೆ ಹೋದಮೇಲೆ ಕಳುಹಿಸುತ್ತೇನೆಂದ ಲೆಕ್ಕ ತಿಂಗಳಾದರೂ ಬರುವುದಿಲ್ಲ. ಉಳಿದುದನ್ನು ತಲೆಗಿಷ್ಟೆಂದು ಅಲ್ಲಿಯೇ ಹಿಂದಕ್ಕೆ ಕೊಟ್ಟು, ಹಂಚಲಾರದಷ್ಟು ಸ್ವಲ್ಪ ಉಳಿದಿದ್ದರೆ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದಕೂಡಲೆ ನಿಲ್ದಾಣದ ಕಾಫಿಗೆ ಅದು ಸರಿಹೋಗುತ್ತದೆ.